ಸರಕಾರಿ ಗೊಬ್ಬರ

ಮಲಾಡಿನ ರಂಗಿನ ಫ್ಯಾಕ್ಟರಿಯಲ್ಲಿ ಬಂಡೆಪ್ಪ ಆರು ವರ್ಷ ದುಡಿದಿದ್ದ. ಆ ಆರು ವರ್ಷದಲ್ಲಿ ಒಂಬತ್ತು ಸಲ ಹೊಸದಾಗಿ ಕೆಲಸಕ್ಕೆ ಸೇರಿದ್ದ. ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಒಬ್ಬ ಕೆಲಸಗಾರ ಇನ್ನೂರಾ ನಲವತ್ತು ದಿನ ಎಡೆಬಿಡದೆ ದುಡಿದರೆ ಅವನನ್ನು ಸುಲಭವಾಗಿ ಕಿತ್ತುಹಾಕಲು ಬರುವುದಿಲ್ಲ ಎಂದು ಕಾನೂನು ಹೇಳುತ್ತಿತ್ತು. ಫ್ಯಾಕ್ಟರಿಯ ಸೇಠ್ ಕಾನೂನಿಗೆ ಬಹಳ ಮರ್ಯಾದೆ ಕೊಡುವ ಮನುಷ್ಯ. ಅದಕ್ಕೇ ಇನ್ನೂರಾ ಮೂವತ್ತನೆಯ ದಿನ ಬಂಡೆಪ್ಪನಂಥವರಿಗೆಲ್ಲ ಹದಿನೈದು ದಿನದ 'ಬ್ರೇಕ್' ಕೊಟ್ಟು ಮನೆಗೆ ಕಳಿಸಿ, ಹದಿನಾರನೆಯ ದಿನ ಮತ್ತೆ ಕರೆದು, ಹೆಸರೇನು ಎಂದು ಕೇಳಿ, ಹೊಸಬನೆಂದು ಬರೆದುಕೊಳ್ಳುತ್ತಿದ್ದರು. ಹೆಸರು ಕೇಳುವ ಟೈಮ್‌ಕೀಪರನಿಗೆ ಬಂಡೆಪ್ಪ ತಂಬಾಕಿಗೆ ಎಷ್ಟು ಸುಣ್ಣ ಹಚ್ಚುತ್ತಾನೆ ಎನ್ನುವುದೂ ಗೊತ್ತಿತ್ತು. ಆದರೂ ಅವನು ಕೇಳುತ್ತಿದ್ದ, ಬಂಡೆಪ್ಪನೂ ಹೇಳುತ್ತಿದ್ದ.

ಪರ್ಮನೆಂಟ್ ಆದವರ ಕತೆ ಬೇರೆ. ಅವರಿಗೆ ಫ್ಯಾಕ್ಟರಿಯ ಚಾಳಿನಲ್ಲಿ ಒಂದು ಖೋಲಿ ಸಿಗುತ್ತಿತ್ತು, ಖೋಲಿಯೊಳಗೇ ನಳ. ಬಂಡೆಪ್ಪನ ಹೆಂಡತಿ ಮಲ್ಲಕ್ಕ ಒಮ್ಮೆ ಇಂದ್ರಾಬಾಯಿ ಎಂಬ ಪರ್ಮನೆಂಟ್ ಹೆಂಗಸಿನ ಖೋಲಿಗೆ ಹೋಗಿ, ಆ ನಳವನ್ನು ತಿರುಗಿಸಿ, ನೀರು ಬಂದದ್ದು ನೋಡಿ, ಬಂದ್ ಮಾಡಿ, ಮತ್ತೆ ತಿರುಗಿಸಿ ನೋಡಿ ಬಂದಿದ್ದಳು. ಅಂದಿನಿಂದ ಅವಳ ಬಾಯಲ್ಲಿ ಒಂದೇ ಮಾತು.

"ನೀ ಪರಮನೆಂಟ ಯಾವಾಗ ಆಗಾಂವ?"

ಅವರ ಝೋಪಡಿ ಇದ್ದದ್ದು ಫ್ಯಾಕ್ಟರಿಯ ಹಿಂದೆ, ನಾಲಾದ ದಂಡೆಗೆ. ಫ್ಯಾಕ್ಟರಿಯ ಗಟಾರದ ನೀರು ಈ ನಾಲಾಕ್ಕೇ ಬಂದು ಬೀಳುತ್ತಿತ್ತು. ನೀರು ಒಂದು ದಿನ ಕೆಂಪು, ಒಂದು ದಿನ ನೀಲಿ. ವಾಸನೆ ಮಾತ್ರ ದಿನವೂ ಒಂದೇ, ಮೂಗಿನೊಳಗೆ ಸೂಜಿ ಆಡಿಸಿದ ಹಾಗೆ. ಮಲ್ಲಕ್ಕ ರೊಟ್ಟಿ ತಟ್ಟುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ತಟ್ಟುತ್ತಿದ್ದಳು. ಅದು ಅಮೋನಿಯಾ ಎಂಬ ಗ್ಯಾಸು, ರಂಗು ಮಾಡಲು ಬಳಸುತ್ತಾರೆ, ಅರ್ಧ ರಂಗಿಗೆ ಹೋಗುತ್ತದೆ, ಅರ್ಧ ನೀರಿನಲ್ಲಿ ಉಳಿದು ನಿಮ್ಮ ಮನೆಮುಂದೆ ಬರುತ್ತದೆ ಎಂದು ಬಂಡೆಪ್ಪನಿಗೆ ತಿಳಿಸಿ ಹೇಳಿದವನು ಚೆನ್ನಯ.

ಚೆನ್ನಯ ಫ್ಯಾಕ್ಟರಿಯ ಕೆಮಿಸ್ಟ್. ಉಡುಪಿ ಕಡೆಯವನು. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತ ರಾತ್ರಿಶಾಲೆಯಲ್ಲಿ, ಆಮೇಲೆ ಕಾಲೇಜಿನಲ್ಲಿ ಓದಿ ಬಿ.ಎಸ್ಸಿ. ಮುಗಿಸಿದ್ದ. ತೊಳೆಯುವ ಕೆಲಸ ಅವನ ಕೈ ಬಿಟ್ಟಿದ್ದರೂ ತಲೆ ಬಿಟ್ಟಿರಲಿಲ್ಲ. ಗಟಾರದ ನೀರು ನೋಡಿದಾಗೆಲ್ಲ ಅವನಿಗೆ ಒಂದೇ ಸಂಕಟ: ಇದನ್ನು ತೊಳೆಯಬೇಕು. ಎರಡು ವರ್ಷ ಬೇಡಿ, ಕೊನೆಗೆ ಸೇಠನಿಂದ ಅಪ್ಪಣೆ ಪಡೆದ. ಗುಜರಿಯಲ್ಲಿ ಬಿದ್ದಿದ್ದ ಹಳೆಯ ಸಾಮಾನು ಏನು ಬೇಕಾದರೂ ತೆಗೆದುಕೋ, ಹೊಸದೊಂದು ಮೊಳೆಯನ್ನೂ ಕೇಳಬೇಡ ಎಂದ ಸೇಠ್. ಚೆನ್ನಯ ಮೂರು ಹಳೆಯ ಡ್ರಮ್ಮುಗಳನ್ನು ಒಂದರ ಮೇಲೊಂದು ಬೆಸೆದು ನಿಲ್ಲಿಸಿ ಅದಕ್ಕೆ 'ಟವರ್' ಎಂದು ಹೆಸರಿಟ್ಟ. ಟವರು ಬಂಡೆಪ್ಪನಿಗಿಂತ ಮೂರು ಮೊಳ ಎತ್ತರ ಇತ್ತು. ಅದರ ಬುಡದಲ್ಲಿ ಗಟಾರದ ನೀರಿಗೆ ಸುಣ್ಣ ಕಲಸಿ ಹಬೆ ಬಿಟ್ಟರೆ ಅಮೋನಿಯಾ ಮೇಲೇಳುತ್ತಿತ್ತು. ಅದನ್ನು ಕೊಳವೆಯಲ್ಲಿ ಹಿಡಿದು ಆ್ಯಸಿಡ್ಡಿನ ಡ್ರಮ್ಮಿಗೆ ಬಿಟ್ಟರೆ ಎರಡೂ ಕೂಡಿ ಬಿಳಿ ಉಪ್ಪಾಗಿ ತಳಕ್ಕೆ ಕೂರುತ್ತಿತ್ತು.

ಟವರ್ ನೋಡಿಕೊಳ್ಳಲು ಒಬ್ಬ ಆಳು ಬೇಕಿತ್ತು. ಅದು ಆರು ತಿಂಗಳು ನಡೆದು, ಉಪ್ಪು ಮಾರಾಟವಾದರೆ ಆ ಆಳನ್ನು ಪರ್ಮನೆಂಟ್ ಮಾಡುವುದಾಗಿ ಮ್ಯಾನೇಜರ್ ಪಡಿಯಾರರು ಒಪ್ಪಿದರು. ಕಣ್ಣು ಸುಡುವ ಆ ಕೆಲಸಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲವಾಗಿ ಬಂಡೆಪ್ಪನಿಗೇ ಸಿಕ್ಕಿತು.

ಮೊದಲ ಸಲ ಉಪ್ಪು ಇಳಿದ ದಿನ ಬಂಡೆಪ್ಪ ಒಂದು ಹಿಡಿ ತೆಗೆದು, ಮೂಸಿ, ಬೆರಳಿನಲ್ಲಿ ಉಜ್ಜಿ, ಕಣ್ಣರಳಿಸಿದ.

"ಸಾಹೇಬ್ರ, ಇದು ಸರಕಾರಿ ಗೊಬ್ಬರಾನ ಅದಲ್ರೀ!"

"ಎಂತ ಸರಕಾರಿ? ಇದು ಸೇಠನ ಗಟಾರದ್ದು ಮಾರಾಯ," ಎಂದ ಚೆನ್ನಯ.

ಅವನಿಗೆ ಅರ್ಥವಾಗದ್ದು ಸಹಜವೇ. ಬಂಡೆಪ್ಪನ ಇಂಡಿ ತಾಲೂಕಿನಲ್ಲಿ ಗೊಬ್ಬರ ಎರಡೇ ಜಾತಿ. ಮನೆಯ ಹಿಂದೆ ತಿಪ್ಪೆಯಲ್ಲಿ ಆಗುವುದು ತಿಪ್ಪಿ ಗೊಬ್ಬರ. ಚೀಲದಲ್ಲಿ ಬರುವ ಬಿಳಿಯದು ಸರಕಾರಿ ಗೊಬ್ಬರ. ಮೊದಮೊದಲು ಅದು ಸರಕಾರದ ಗೋದಾಮಿನಿಂದ ಬರುತ್ತಿತ್ತು, ಹೆಸರು ಅಂಟಿಕೊಂಡಿತು. ಈಗ ಯಾವ ಕಂಪನಿ ಮಾಡಲಿ, ಯಾವ ಅಂಗಡಿಯವನು ಮಾರಲಿ, ಅದು ಸರಕಾರಿಯೇ. ಬಂಡೆಪ್ಪ ಇದನ್ನೆಲ್ಲ ವಿವರಿಸಿದ. ಚೆನ್ನಯ ನಕ್ಕುಬಿಟ್ಟ. ಆಗಲೇ ಆ ಮಾತನ್ನು ತಿದ್ದಿದ್ದರೆ ಚೆನ್ನಾಗಿತ್ತು.

ನಿಜ ಹೇಳಬೇಕೆಂದರೆ ಟವರ್ ಕಟ್ಟಿದವನು ಚೆನ್ನಯ, ನಡೆಸಿದವನು ಬಂಡೆಪ್ಪ. ಆ್ಯಸಿಡ್ ಸಾಕಾಯಿತೋ ಇಲ್ಲವೋ ನೋಡಲು ಚೆನ್ನಯ ಕಾಗದದ ಚೂರು ಅದ್ದಿ ಬಣ್ಣ ನೋಡುತ್ತಿದ್ದ. ಬಂಡೆಪ್ಪ ದೂರದಿಂದಲೇ ಮೂಗೇರಿಸಿ, "ಇನ್ನೊಂದು ಬುಡ್ಡಿ ಹಾಕ್ರಿ," ಅನ್ನುತ್ತಿದ್ದ. ಇಬ್ಬರ ಲೆಕ್ಕವೂ ಒಂದೇ ಬರುತ್ತಿತ್ತು. ಮೊದಲು ಉಪ್ಪು ಹಿಟ್ಟಿನ ಹಾಗೆ ಪುಡಿಪುಡಿಯಾಗುತ್ತಿತ್ತು. ಡ್ರಮ್ಮಿಗೆ ಒದ್ದೆ ಗೋಣಿ ಸುತ್ತಿ ನಿಧಾನ ಆರಿಸಿದರೆ ಹರಳು ದಪ್ಪವಾಗುತ್ತದೆ ಎಂದು ಕಂಡುಹಿಡಿದವನು ಬಂಡೆಪ್ಪ. ಅದನ್ನು ಯಾವ ಪುಸ್ತಕವೂ ಅವನಿಗೆ ಹೇಳಿರಲಿಲ್ಲ. ಅವನ ಅಂಗೈ ಸುಲಿದಿತ್ತು, ಕಣ್ಣು ಸದಾ ಕೆಂಪಗಿರುತ್ತಿದ್ದವು, ಆದರೂ ಸಂಜೆ ಹರಳು ಬಳಿದು ಚೀಲಕ್ಕೆ ತುಂಬುವಾಗ ಅವನಿಗೆ ಹಾಡು ಬರುತ್ತಿತ್ತು. ನಾಲಾದ ವಾಸನೆ ಇಳಿದದ್ದನ್ನು ಮೊದಲು ಗಮನಿಸಿದವಳು ಮಲ್ಲಕ್ಕ. ಒಂದು ದಿನ ಅವಳು ರೊಟ್ಟಿ ತಟ್ಟಿ ಮುಗಿಸಿ, ತಾನು ಕಣ್ಣೊರೆಸಿಕೊಂಡೇ ಇಲ್ಲ ಎಂದು ಆಶ್ಚರ್ಯಪಟ್ಟಳು.

ಐದು ತಿಂಗಳಲ್ಲಿ ಹನ್ನೆರಡು ಚೀಲ ತುಂಬಿದವು. ಹಳೆಯ ಸೋಡಾ ಚೀಲಗಳನ್ನೇ ಒಳಮೈ ಹೊರಗೆ ಮಾಡಿ ತುಂಬಿದ್ದರಿಂದ ಅವುಗಳ ಮೇಲೆ ಹೆಸರಿಲ್ಲ, ಗುರುತಿಲ್ಲ.

ಅದು ಎಪ್ಪತ್ನಾಲ್ಕನೇ ಇಸವಿ. ಎಲ್ಲದಕ್ಕೂ ಕೊರತೆ, ಎಲ್ಲದಕ್ಕೂ ಸಾಲು. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಗೊಬ್ಬರವಂತೂ ಕಣ್ಣಿಗೆ ಬೀಳುತ್ತಿರಲಿಲ್ಲ. ಇದ್ದದ್ದು ಇನ್ಸ್‌ಪೆಕ್ಟರುಗಳು ಮಾತ್ರ. ಸಾಠೆ ಎಂಬ ಸಪ್ಲೈ ಇನ್ಸ್‌ಪೆಕ್ಟರ್ ಒಂದು ಬೆಳಿಗ್ಗೆ ಫ್ಯಾಕ್ಟರಿಯಲ್ಲಿ ಎಷ್ಟು ಸೀಮೆಎಣ್ಣೆ ಬಚ್ಚಿಟ್ಟಿದ್ದಾರೆ ಎಂದು ನೋಡಲು ಬಂದ. ಸೀಮೆಎಣ್ಣೆ ಸಿಗಲಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಹಿತ್ತಲ ಕಡೆ ನಡೆದವನಿಗೆ ಹನ್ನೆರಡು ಚೀಲ ಕಂಡವು. ಪಕ್ಕದಲ್ಲಿ ಬಂಡೆಪ್ಪ ನಿಂತಿದ್ದ.

"ಯೇ ಕ್ಯಾ ಹೈ?"

ಇಷ್ಟು ದೊಡ್ಡ ಸಾಹೇಬ ತನ್ನ ಮಾಲಿನ ಬಗ್ಗೆ ಕೇಳಿದ್ದು ಬಂಡೆಪ್ಪನಿಗೆ ಇದೇ ಮೊದಲು. ಅವನು ತಲೆಯಲ್ಲಿ ಕನ್ನಡವನ್ನು ಇದ್ದ ಹಾಗೇ ಹಿಂದಿಗೆ ತಿರುಗಿಸಿ, ಎದೆಯುಬ್ಬಿಸಿ ಹೇಳಿದ.

"ಸರ್ಕಾರೀ ಖಾದ್ ಹೈ, ಸಾಬ್."

ಸಾಠೆಯ ಪೆನ್ನು ನಿಂತಿತು. "ಸರ್ಕಾರೀ?"

"ಹಾಂ ಸಾಬ್. ಪೂರಾ ಸರ್ಕಾರೀ. ಏಕ್‌ದಮ್ ಅಸಲೀ."

ಅರ್ಧ ಗಂಟೆಯೊಳಗೆ ಹನ್ನೆರಡೂ ಚೀಲಗಳಿಗೆ ಅರಗಿನ ಮುದ್ರೆ ಬಿತ್ತು. ಸರಕಾರದ ಗೊಬ್ಬರ ಖಾಸಗಿ ಫ್ಯಾಕ್ಟರಿಯಲ್ಲಿ, ಅದೂ ಗುರುತು ಅಳಿಸಿದ ಚೀಲಗಳಲ್ಲಿ! ಸಾಠೆಗೆ ಬಡ್ತಿಯ ಬಾಗಿಲೇ ತೆರೆದ ಹಾಗಾಯಿತು. ಒಂದು ವಾರದಲ್ಲಿ ತಾನೇ ಬಂದು ವಿಚಾರಣೆ ನಡೆಸುವುದಾಗಿ ನೋಟೀಸು ಕೊಟ್ಟು ಹೋದ.

ಇದಕ್ಕೆ ಉತ್ತರ ಸುಲಭ ಅಲ್ಲವೇ? ಇದು ನಮ್ಮ ಗಟಾರದ ನೀರಿನಿಂದ ನಾವೇ ಮಾಡಿದ್ದು, ಬೇಕಾದರೆ ಮಾಡಿ ತೋರಿಸುತ್ತೇವೆ, ಅಷ್ಟೇ. ಚೆನ್ನಯ ಹಾಗೆಂದೇ ಓಡಿ ಹೋಗಿ ಮ್ಯಾನೇಜರಿಗೆ ಹೇಳಿದ. ಪಡಿಯಾರರು ಕಪಾಟಿನಿಂದ ಒಂದು ಫೈಲು ತೆಗೆದು ಅವನ ಮುಂದೆ ಹರಡಿದರು. ಕಳೆದ ವರ್ಷ ನೀರಿನ ಮೈಲಿಗೆ ನೋಡುವ ಆಫೀಸಿನಿಂದ ಒಂದು ಫಾರಮ್ ಬಂದಿತ್ತು. 'ನಿಮ್ಮ ಗಟಾರದ ನೀರಿನಲ್ಲಿ ಏನೇನಿದೆ?' ಎಂದು ಅದರಲ್ಲಿ ಕೇಳಿದ್ದರು. ಎದುರಿಗೆ ಪಡಿಯಾರರು ಒಂದೇ ಪದ ಬರೆದಿದ್ದರು: 'ನೀರು.' ಅದರ ಕೆಳಗೆ, ಕೆಮಿಸ್ಟ್ ಎಂದಿರುವ ಜಾಗದಲ್ಲಿ, ಚೆನ್ನಯನ ಸಹಿ ಇತ್ತು.

"ಗೊಬ್ಬರ ಗಟಾರದ್ದು ಅಂತ ಹೇಳಿದರೆ ಈ ಕಾಗದ ಸುಳ್ಳಾಗ್ತದೆ," ಎಂದರು ಪಡಿಯಾರರು. "ಈ ಕಾಗದ ನಿಜ ಅಂದ್ರೆ ಗೊಬ್ಬರ ಕದ್ದದ್ದಾಗ್ತದೆ. ಈಗ ಎಂತ ಮಾಡುದು, ನೀನೇ ಹೇಳು."

ಚೆನ್ನಯ ತನ್ನ ಸಹಿಯನ್ನು ನೋಡುತ್ತ ಕೂತ. ಚೆಂದದ ಸಹಿ, ಕೊನೆಯಲ್ಲಿ ಬಿ.ಎಸ್ಸಿ. ಎಂದೂ ಇತ್ತು.

ದಾರಿ ಕಂಡುಹಿಡಿದವರು ಪಡಿಯಾರರೇ. ಮರುದಿನ ಬಂಡೆಪ್ಪನನ್ನು ಕರೆಸಿದರು. ಆರು ವರ್ಷದಲ್ಲಿ ಮೊದಲ ಸಲ ಅವನಿಗೆ ಆಫೀಸಿನಲ್ಲಿ ಕುರ್ಚಿ ಕೊಟ್ಟರು.

"ಬಂಡೆಪ್ಪ, ನಿನಗೆ ಊರಲ್ಲಿ ಹೊಲ ಉಂಟಾ?"

"ಇಲ್ರೀ ಸಾಹೇಬ್ರ."

"ಈಗ ಉಂಟು. ಎರಡು ಎಕರೆ."

ಬಂಡೆಪ್ಪ ಬಾಯಿ ತೆರೆದು ಕೂತ. ಪಡಿಯಾರರು ಬಿಡಿಸಿ ಹೇಳಿದರು. ರೈತ ತನ್ನ ಹೊಲಕ್ಕೆಂದು ಇಟ್ಟುಕೊಂಡ ಗೊಬ್ಬರಕ್ಕೆ ಯಾರೂ ಶಿಕ್ಷೆ ಕೊಡುವುದಿಲ್ಲ, ಹೆಚ್ಚೆಂದರೆ ಬೈದು ಬಿಡುತ್ತಾರೆ. ಗ್ರಾಂಟ್ ರೋಡಿನಲ್ಲಿ ಒಬ್ಬ ಲಾರಿಯವನು ಕೊಟ್ಟ, ದೀಪಾವಳಿಗೆ ಊರಿಗೆ ಒಯ್ಯಲೆಂದು ಫ್ಯಾಕ್ಟರಿಯ ಹಿತ್ತಲಲ್ಲಿ ಇಟ್ಟಿದ್ದೆ, ಲಾರಿಯವನ ಹೆಸರು ಗೊತ್ತಿಲ್ಲ. ಇಷ್ಟು ಹೇಳಿದರೆ ಮುಗಿಯಿತು. ವಿಚಾರಣೆಯ ಮರುದಿನವೇ ಪರ್ಮನೆಂಟ್ ಆರ್ಡರ್. ಪಡಿಯಾರರು ಟೈಪ್ ಮಾಡಿದ ಆರ್ಡರನ್ನು ತೋರಿಸಿಯೂ ತೋರಿಸಿದರು. ಸಹಿ ಒಂದು ಬಾಕಿ ಇತ್ತು.

"ಟವರ್ ಏನಾಗ್ತದ್ರಿ?" ಎಂದು ಬಂಡೆಪ್ಪ ಹೊರಗೆ ಬಂದು ಚೆನ್ನಯನನ್ನು ಕೇಳಿದ.

"ಹೇಳಿಬಿಡು ಮಾರಾಯ. ಒಂದು ಸುಳ್ಳು, ಅಷ್ಟೇ ಅಲ್ವಾ. ಟವರ್ ಆಮೇಲೆ ನೋಡುವ," ಎಂದ ಚೆನ್ನಯ. ಅವನು ಬಂಡೆಪ್ಪನ ಮುಖ ನೋಡಿ ಮಾತಾಡಲಿಲ್ಲ.

ಮನೆಯಲ್ಲಿ ಮಲ್ಲಕ್ಕನೇ ಸಾಠೆಯಾದಳು. ವಾರವಿಡೀ ಲಟ್ಟಣಿಗೆ ಹಿಡಿದು ಎದುರು ಕೂತು ಗಂಡನನ್ನು ವಿಚಾರಣೆ ಮಾಡಿದಳು.

"ಗೊಬ್ಬರ ಎಲ್ಲಿಂದ ತಂದಿ?"

"ಗ್ರಾಂಟ್ ರೋಡದಾಗ ಒಬ್ಬ ಲಾರಿಯಂವ ಕೊಟ್ಟ."

"ಹೊಲ ಎಷ್ಟದ?"

"ಎರಡು ಎಕರೆ."

"ಏನ್ ಬೆಳೀತಿ?"

ಇದನ್ನು ಪಡಿಯಾರರು ಹೇಳಿಕೊಟ್ಟಿರಲಿಲ್ಲ. ಬಂಡೆಪ್ಪ ಸ್ವಲ್ಪ ಯೋಚಿಸಿ ಜೋಳ ಎಂದ. ಮಲ್ಲಕ್ಕ ಅದಕ್ಕೊಂದು ಬದಿಗೆ ಕಡಲೆಯನ್ನೂ ಸೇರಿಸಿದಳು. ಇಲ್ಲದ ಹೊಲಕ್ಕೆ ಬಾವಿ ತೋಡಬೇಕೇ ಬೇಡವೇ ಎಂದು ಇಬ್ಬರಿಗೂ ಒಂದು ಸಂಜೆ ಜಗಳವೂ ಆಯಿತು. ಆ ವಾರ ಅವರು ಬಹಳ ಸುಖವಾಗಿದ್ದರು ಎಂದೇ ಹೇಳಬೇಕು.

ವಿಚಾರಣೆಯ ದಿನ ಪಡಿಯಾರರ ಕೋಣೆಯಲ್ಲಿ ಸಾಠೆ ನಡುವೆ ಕೂತ. ಒಂದು ಬದಿಗೆ ಪಡಿಯಾರರು, ಇನ್ನೊಂದು ಬದಿಗೆ ಚೆನ್ನಯ. ನೆಲದ ಮೇಲೆ ಒಂದು ಚೀಲ, ಅದರ ಹಿಂದೆ ಒಗೆದ ಅಂಗಿ ತೊಟ್ಟ ಬಂಡೆಪ್ಪ. ಪಾಠ ಸರಾಗವಾಗಿ ಬಂತು. ಲಾರಿಯವನು ಬಂದ, ದೀಪಾವಳಿ ಬಂತು, ಎರಡು ಎಕರೆ ಬಂತು, ಕೇಳದಿದ್ದರೂ ಜೋಳ ಮತ್ತು ಕಡಲೆ ಬಂದವು. ಸಾಠೆ ಎಲ್ಲ ಬರೆದುಕೊಂಡ. ದೊಡ್ಡ ಕಳ್ಳಸಂತೆ ಹಿಡಿಯುವ ಅವನ ಕನಸು ಕರಗಿತ್ತು, ಮುಖ ಬಾಡಿತ್ತು. ಕೊನೆಗೆ ಬೇಸರದಿಂದ ಚೀಲದ ಬಾಯಿ ಬಿಚ್ಚಿಸಿ ಒಳಗೆ ಕೈ ಹಾಕಿದ.

ಹರಳುಗಳು ಅವನ ಬೆರಳ ಸಂದಿಯಿಂದ ಜಾರಿದವು. ಸಾಠೆ ಇನ್ನೊಂದು ಹಿಡಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಅವನು ಹತ್ತು ವರ್ಷ ಗೊಬ್ಬರದ ಗೋದಾಮು ನೋಡಿದ ಮನುಷ್ಯ. ವಾಹ್ ಎಂದ. ಇಂಥ ಮಾಲು ನಮ್ಮ ದೇಶದಲ್ಲಿ ಆಗುವುದಿಲ್ಲ ಎಂದ. ಹರಳು ನೋಡಿ, ಒಂದೇ ಅಳತೆ, ಒಂದು ಚೂರು ಪುಡಿ ಇಲ್ಲ, ಇದು ಹಡಗಿನಲ್ಲಿ ಬಂದ ಪರದೇಶದ ಮಾಲು, ಮಾಡಿದವನ ಕೈಗೆ ಮುತ್ತು ಕೊಡಬೇಕು ಎಂದ.

ಬಂಡೆಪ್ಪ ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ. ಕಳ್ಳ ಎನ್ನಿಸಿಕೊಳ್ಳಲೂ ಸಿದ್ಧನಾಗಿದ್ದ. ಮಲ್ಲಕ್ಕ ಅವೆಲ್ಲವನ್ನೂ ಅಂದು ಅಂದು ರೂಢಿ ಮಾಡಿಸಿದ್ದಳು. ಹೊಗಳಿಕೆಯನ್ನು ಮಾತ್ರ ಅವಳು ರೂಢಿ ಮಾಡಿಸಿರಲಿಲ್ಲ. ಅವನ ಆಯುಷ್ಯದಲ್ಲಿ ಅವನ ಕೆಲಸವನ್ನು ಯಾರೂ ಬೆಳಕಿಗೆ ಹಿಡಿದು ನೋಡಿರಲಿಲ್ಲ.

"ಮೈನೇ ಬನಾಯಾ, ಸಾಬ್," ಎಂದುಬಿಟ್ಟ.

ಸಾಠೆ ತಲೆಯೆತ್ತಿದ. "ಕ್ಯಾ?"

"ನಾ ಮಾಡೀನ್ರಿ. ಮೈನೇ. ಒದ್ದಿ ಗೋಣಿ ಸುತ್ತಿ ಆರ್‌ಸಬೇಕ್ರಿ, ಅಂದ್ರ ಹರಳು ಹಿಂಗ ಆಗ್ತದ." ಕನ್ನಡವೋ ಹಿಂದಿಯೋ ಅವನಿಗೆ ಪರಿವೆ ಇರಲಿಲ್ಲ.

ಯಾವುದರಿಂದ ಮಾಡಿದೆ ಎಂದು ಸಾಠೆ ಕೇಳಿದ. ಬಂಡೆಪ್ಪ ಕಿಟಕಿಯಾಚೆ ಕೈ ತೋರಿಸಿದ.

"ಗಟರ್ ಸೇ."

ಸಾಠೆ ಕೈಯಲ್ಲಿದ್ದ ಹರಳುಗಳನ್ನು ನೋಡಿದ, ಕಿಟಕಿಯಾಚೆ ಅಂದು ನೇರಳೆ ಬಣ್ಣದಲ್ಲಿ ಹರಿಯುತ್ತಿದ್ದ ಗಟಾರವನ್ನು ನೋಡಿದ, ಆಮೇಲೆ ಚೆನ್ನಯನ ಕಡೆ ತಿರುಗಿದ. ಕೆಮಿಸ್ಟ್ ಸಾಹೇಬರೇ, ನೀವು ಓದಿದವರು, ಇದು ಆಗುವ ಮಾತೇ ಎಂದು ಕೇಳಿದ.

ಬಂಡೆಪ್ಪನೂ ಚೆನ್ನಯನ ಕಡೆ ನೋಡಿದ. ಅವನಿಗೆ ಭಯವಿರಲಿಲ್ಲ. ಆ ಟವರಿನ ಒಂದೊಂದು ಬೆಸುಗೆಯೂ ಚೆನ್ನಯನದು, ಅವನು ಸುಳ್ಳು ಹೇಳುತ್ತಾನೆಯೇ? ಚೆನ್ನಯ ಪಡಿಯಾರರನ್ನು ನೋಡಿದ. ಪಡಿಯಾರರು ಮೇಜಿನ ಮೇಲಿದ್ದ ಒಂದು ಫೈಲಿನ ಮೇಲೆ ಮೆಲ್ಲಗೆ ಕೈಯಿಟ್ಟರು.

"ನಹೀಂ ಸಾಬ್," ಎಂದ ಚೆನ್ನಯ. "ಐಸಾ ನಹೀಂ ಹೋ ಸಕ್ತಾ."

ಮುಂದಿನದೆಲ್ಲ ಸರಕಾರಿ ಬುದ್ಧಿ ತಾನೇ ನೋಡಿಕೊಂಡಿತು. ಗಟಾರದಿಂದ ಗೊಬ್ಬರ ಮಾಡಿದೆ ಎನ್ನುವವನ ತಲೆ ಸರಿಯಿಲ್ಲ. ತಲೆ ಸರಿಯಿಲ್ಲದವನು ಹೇಳಿದ ಲಾರಿ, ಹೊಲ, ಜೋಳ ಯಾವುದನ್ನೂ ನಂಬುವ ಹಾಗಿಲ್ಲ. ಮೊದಲ ದಿನ 'ಸರ್ಕಾರೀ' ಎಂದವನೂ ಇವನೇ ಆದ್ದರಿಂದ ಅದನ್ನೂ ನಂಬುವ ಹಾಗಿಲ್ಲ. ಇನ್ನು ಚೀಲದಲ್ಲಿರುವುದು ಗೊಬ್ಬರವೇ ಆದರೆ ಯಾರನ್ನಾದರೂ ಹಿಡಿಯಬೇಕು; ಹಿಡಿಯಲು ಇರುವವನು ಒಬ್ಬ ಹುಚ್ಚ; ಆದ್ದರಿಂದ ಅದು ಗೊಬ್ಬರವಲ್ಲ. ಐದು ನಿಮಿಷದ ಹಿಂದೆ ಹಡಗಿನಲ್ಲಿ ಬಂದಿದ್ದ ಮಾಲು ಸಾಠೆಯ ವರದಿಯಲ್ಲಿ 'ಉಪಯೋಗವಿಲ್ಲದ ಬಿಳಿ ಪುಡಿ, ನಾಶ ಮಾಡತಕ್ಕದ್ದು' ಎಂದಾಯಿತು. ಎಲ್ಲರೂ ಚಹಾ ಕುಡಿದರು.

ಸಾಠೆ ಹೋದ ಮೇಲೆ ಪಡಿಯಾರರು ಬಂಡೆಪ್ಪನಿಗೆ ಬೈಯಲಿಲ್ಲ. ಅವರಿಗೆ ನಿಜಕ್ಕೂ ಬೇಸರವಾಗಿತ್ತು.

"ಪರ್ಮನೆಂಟ್ ಮಾಡ್ಲಿಕ್ಕೆ ನನಗೆ ಮನಸ್ಸುಂಟು ಬಂಡೆಪ್ಪ. ಆದ್ರೆ ಅದಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಸರ್ಕಾರದ ಕಾಗದದಲ್ಲೇ ನಿನ್ನ ತಲೆ ಸರಿಯಿಲ್ಲ ಅಂತ ಬಿದ್ದಿದೆ. ಇನ್ನು ಯಾವ ಡಾಕ್ಟರ್ ಕೊಡ್ತಾನೆ?" ಎಂದು, ಟೈಪ್ ಮಾಡಿದ್ದ ಆರ್ಡರನ್ನು ನಾಲ್ಕು ಮಡಿಕೆ ಮಾಡಿ ಹರಿದರು.

ಸಂಜೆ ಮಲ್ಲಕ್ಕ ಎಲ್ಲ ಕೇಳಿದಳು. ಕೇಳಿ ಲಟ್ಟಣಿಗೆಯನ್ನು ಮೂಲೆಗೆ ಎಸೆದಳು.

"ಒಂದು ಸುಳ್ಳು ಹೇಳಾಕ ಆಗಲಿಲ್ಲೇನು ನಿನಗ? ವಾರಗಟ್ಟಲೆ ಬಾಯಿಪಾಠ ಮಾಡಿಸಿದೆ! ಅಂವ ಹೊಗಳಿದ್ರ ಮನಿಗೆ ನಳ ಬರ್ತದೇನು?"

ಅವಳು ಬೈದಳು, ಅತ್ತಳು, ಮತ್ತೆ ಬೈದಳು. ಎಲ್ಲ ಮುಗಿದ ಮೇಲೆ ಗಂಡನ ತಾಟಿಗೆ ರೊಟ್ಟಿ ಹಾಕುತ್ತ ಕೇಳಿದಳು.

"ಖರೇನ ಪರದೇಶದ್ದು ಅಂದ್ನಾ?"

"ಹೂಂ. ಬೆಳಕಿಗೆ ಹಿಡದು ನೋಡಿ ಅಂದ."

ಮಲ್ಲಕ್ಕ ರೊಟ್ಟಿಯ ಮೇಲೆ ಸ್ವಲ್ಪ ಹೆಚ್ಚು ಶೇಂಗಾ ಹಿಂಡಿ ಹಾಕಿದಳು.

ಮರುದಿನ ಬೆಳಿಗ್ಗೆ ಟವರ್ ಬಿಚ್ಚಲು ಗ್ಯಾಸ್ ಕಟ್ಟರಿನವನು ಬಂದ. ಅದು ನಿಂತಿದ್ದರೆ ನಾಳೆ ಯಾರಾದರೂ ಇದೇನು ಎಂದು ಕೇಳಬಹುದಿತ್ತು. ಬಿಳಿ ಪುಡಿಯನ್ನು ನಾಶ ಮಾಡುವ ಕೆಲಸ ಬಂಡೆಪ್ಪನಿಗೆ ಬಂತು. ನಾಶ ಮಾಡುವುದು ಎಂದರೆ ಫ್ಯಾಕ್ಟರಿಯಲ್ಲಿ ಒಂದೇ ಅರ್ಥ, ಗಟಾರಕ್ಕೆ ಸುರಿಯುವುದು. ಐದು ತಿಂಗಳು ಆ ನೀರಿನಿಂದ ಹೆಕ್ಕಿ ತೆಗೆದದ್ದನ್ನು ಅವನು ಚೀಲದ ಹೊಲಿಗೆ ಬಿಚ್ಚಿ ಆ ನೀರಿಗೇ ಹಾಕತೊಡಗಿದ. ಹರಳು ಗಟ್ಟಿಯಾಗಿದ್ದವು, ಬೇಗ ಕರಗಲಿಲ್ಲ. ಕೋಲಿನಿಂದ ಕಲಕಬೇಕಾಯಿತು.

ಐದನೆಯ ಚೀಲ ಖಾಲಿಯಾಗುವ ಹೊತ್ತಿಗೆ ಚೆನ್ನಯ ಬಂದು ಹಿಂದೆ ನಿಂತ.

"ಬಂಡೆಪ್ಪ, ನಿನ್ನೆ ನಾನು..."

"ಬಿಡ್ರೀ ಸಾಹೇಬ್ರ."

"ಇಲ್ಲ ಮಾರಾಯ. ನಾನು ಹೇಳ್ಬೇಕಿತ್ತು. ಬಾಯಿಗೆ ಬಂದಿತ್ತು, ಗೊತ್ತುಂಟಾ."

ಬಂಡೆಪ್ಪ ತಿರುಗಿ ಅವನನ್ನು ನೋಡಿದ. ಸಿಟ್ಟು ಮಾಡಿಕೊಳ್ಳಬೇಕೆಂದು ನಿನ್ನೆಯಿಂದ ಅಂದುಕೊಂಡಿದ್ದ. ಆದರೆ ಇಸ್ತ್ರಿ ಮಾಡಿದ ಬಿಳಿ ಕೋಟಿನಲ್ಲಿ ತಲೆ ತಗ್ಗಿಸಿ ನಿಂತ ಈ ಮನುಷ್ಯನನ್ನು ಕಂಡು ಅವನಿಗೆ ಮರುಕವೇ ಆಯಿತು.

"ನೀವು ಪರ್ಮನೆಂಟ್ ಅದೀರಲ್ರೀ ಸಾಹೇಬ್ರ," ಎಂದ, ಸಮಾಧಾನ ಹೇಳುವ ಹಾಗೆ. "ನಿಮಗ ಹೇಳಾಕ ಬರಂಗಿಲ್ಲ."

ಚೆನ್ನಯ ಕೋಟಿನ ತೋಳು ಮೇಲೆ ಮಡಿಸಿ, ಬಗ್ಗಿ, ಮುಂದಿನ ಚೀಲದ ಇನ್ನೊಂದು ತುದಿ ಹಿಡಿದ. ಇನ್ನೂ ಏಳು ಉಳಿದಿದ್ದವು.